ಕೋಟೆ ಕಟ್ಟಿದ ದಂಡನಾಯಕ ವಿಠ್ಠಲನಾಥ

ರಾಯಚೂರಿನ ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿರುವುದು 1294ರ ತೆಲುಗು ಶಾಸನ. ಕೋಟೆ ಹುಟ್ಟಿದ ಕಥೆಯನ್ನು ಕಟ್ಟಿಸಿದವನೇ ಅದರಲ್ಲಿ ಬರೆಸಿಟ್ಟಿದ್ದಾನೆ. ಅವನು ವಿಠ್ಠಲನಾಥ, ಕಾಕತೀಯರ ಅಧೀನದಲ್ಲಿದ್ದ ಗೋರೆ ಗಂಗಯ್ಯ ರೆಡ್ಡಿಯ ದಂಡನಾಯಕ.

ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ ಆಗ ದೇವಗಿರಿಯ ಸೇವುಣರಿಗೂ ಓರುಗಲ್ಲಿನ ಕಾಕತೀಯರಿಗೂ ಪೈಪೋಟಿ. ವಿಠ್ಠಲನಾಥ ಆದವಾನಿ, ತುಂಬಳ, ಮಾನ್ವಿ ಮೊದಲಾದ ಕೋಟೆಗಳನ್ನು ಗೆದ್ದು, ರಾಯಚೂರಿನ ರಕ್ಷಣೆಗೆ ಈ ಗೋಡೆ ಎಬ್ಬಿಸಿದ. ಆದವಾನಿ, ತುಂಬಳ ಇರುವುದು ತುಂಗಭದ್ರೆಯ ಆಚೆ ದಡದಲ್ಲಿ. ಮಾನ್ವಿ ಈಚೆಗೆ, ರಾಯಚೂರಿನ ದಾರಿಯಲ್ಲಿ. ಹೊಳೆಯ ಎರಡೂ ದಡ ಕೈಗೆ ಬಂದರೆ ರಾಯಚೂರಿನ ಬೆನ್ನು ಭದ್ರ. ಬರೀ ಕತ್ತಿ ಬೀಸುವವನಿಗೆ ಈ ಲೆಕ್ಕ ಹೊಳೆಯುವುದಿಲ್ಲ. ಅವನು ರಾಜಕಾರಣ ಬಲ್ಲವನೆಂದೇ ನನ್ನ ನಂಬಿಕೆ.

ನನಗೆ ಶಾಸನಕ್ಕಿಂತಲೂ ಹಿಡಿಸುವುದು ಗೋಡೆಯ ಮೇಲೆ ಕೊರೆದ ರೇಖಾಚಿತ್ರ. ಉದ್ದನೆಯ ಬಂಡೆಯನ್ನು ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಸಾಲುಸಾಲು ಕೋಣಗಳು. ಅವುಗಳನ್ನು ಹುರಿದುಂಬಿಸುವ ಆಳುಗಳು, ಗಾಲಿಗೆ ಹಾರೆ ಕೊಟ್ಟು ಮೀಟುವವರು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಗೋಡೆಯಿದು. ಅದರ ಹಿಂದಿನ ಬೆವರು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಒಡೆಯನ ಬಿರುದು ಕೊರೆಸಿದವರು ನೂರಾರು ಮಂದಿ, ಬಂಡಿ ಎಳೆದವರನ್ನು ಕೊರೆಸಿದವರು ವಿರಳ. ರಾಯಚೂರು, ಮಾನ್ವಿ, ದೇವದುರ್ಗದ ಶಾಲಾ ಮಕ್ಕಳನ್ನೆಲ್ಲ ಒಮ್ಮೆಯಾದರೂ ಇದರ ಮುಂದೆ ನಿಲ್ಲಿಸಬೇಕು. ಈ ಗೆರೆಗಳು ಮಾಸುವ ಮುನ್ನ ಕಾಪಾಡಲೂ ಬೇಕು.

ಗೋಡೆ ಎದ್ದ ಮೂವತ್ತು ವರ್ಷದೊಳಗೆ, 1323ರಲ್ಲಿ, ದೆಹಲಿಯ ಸೈನ್ಯಕ್ಕೆ ಓರುಗಲ್ಲು ಬಿತ್ತು, ಕಾಕತೀಯರ ಆಳ್ವಿಕೆ ಮುಗಿಯಿತು. ಆಮೇಲೆ ಬಹಮನಿಗಳು, ಬಿಜಾಪುರದ ಆದಿಲಶಾಹಿಗಳು ಬಂದರು. ಹೊಸ ಒಡೆಯರು ಹಳೆಯ ಗೋಡೆಯನ್ನು ಕಿತ್ತುಹಾಕಲಿಲ್ಲ. ಅದನ್ನು ಒಳಗಿಟ್ಟುಕೊಂಡು ಸುತ್ತ ಹೊರಕೋಟೆ, ಕಂದಕ ಸೇರಿಸಿದರು. 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ ಪೋರ್ಚುಗೀಸರ ಕ್ರಿಸ್ಟೋವಾವ್ ಡಿ ಫಿಗೆರೆಡೊ ತನ್ನ ಬಂದೂಕುದಾರರೊಡನೆ ರಾಯನ ಪಕ್ಷದಲ್ಲಿದ್ದ. ಗೋಡೆಯಿಂದ ಬಗ್ಗಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೆ ಗುಂಡು ಬಿತ್ತೆಂದೂ ಮರುದಿನವೇ ಊರು ಶರಣಾಯಿತೆಂದೂ ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಬರೆದಿದ್ದಾನೆ. ವಿಠ್ಠಲನಾಥ ಕಲ್ಲು ಹೇರಿಸಿದ ಕಾಲಕ್ಕೆ ಈ ನಾಡು ಬಂದೂಕನ್ನೇ ಕಂಡಿರಲಿಲ್ಲ.