ಜನರೇಟರ್ ಹೊತ್ತ ಬ್ಯಾಟರಿ ಪಿಕಪ್: ಎಷ್ಟು ವರ್ಷ ಬಾಳೀತು, ರಿಪೇರಿ ಯಾರು ಮಾಡ್ತಾರೆ?

ಕುಂದಗೋಳ, ನವಲಗುಂದ ಕಡೆಯ ನಮಗೆ ವರ್ಷದ ಹೆಚ್ಚಿನ ದಿನ ಗಾಡಿ ಬೇಕಾಗೂದು ಹೊಲದಿಂದ ಅಮರಗೋಳ ಎ.ಪಿ.ಎಂ.ಸಿ.ವರೆಗೆ. ಮೆಣಸಿನಕಾಯಿ ಕಾಲಕ್ಕೆ ಮಾತ್ರ ಬ್ಯಾಡಗಿಯ ದೂರದ ದಾರಿ. 2022ರಲ್ಲಿ ಬಂದ ಟಾಟಾ ಏಸ್ ಇ.ವಿ.ಯಂಥ ಬರೀ ಬ್ಯಾಟರಿ ಗಾಡಿ ನೋಡಿದವರ ಮೊದಲ ಪ್ರಶ್ನೆ, “ನಡುದಾರ್ಯಾಗ ಚಾರ್ಜ್ ಮುಗಿದ್ರ?”

ಇದಕ್ಕೊಂದು ಉತ್ತರ, ಗಾಡಿಯ ಮೇಲೇ ಜನರೇಟರ್. ಅಮೆರಿಕದ ರ‍್ಯಾಮ್ ಕಂಪನಿ 2023ರಲ್ಲಿ ಇಂಥ ಪಿಕಪ್ ಘೋಷಿಸಿತು. 92 ಯೂನಿಟ್ ಬ್ಯಾಟರಿ, ಜತೆಗೆ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ನಮ್ಮ ಹೊಲದ ದಾರಿಗೆ ಅದು ಆನೆಯೇ ಸರಿ. ಈ ವಿಧಾನ ಸಣ್ಣ ಗಾಡಿಗೆ ಬಂದಾಗ ಏನು ನೋಡಬೇಕು ಅನ್ನೂದು ಈಗಲೇ ತಿಳಿದಿರಲಿ.

ವಿಧಾನ ನಮ್ಮೂರಿಗೆ ಹೊಸದಲ್ಲ. ಹುಬ್ಬಳ್ಳಿ ಡೀಸೆಲ್ ಶೆಡ್ 1999ರಿಂದ ನೋಡಿಕೊಂಡು ಬಂದ ಡಬ್ಲ್ಯು.ಡಿ.ಜಿ.-4 ರೈಲು ಎಂಜಿನ್ನಿನಲ್ಲೂ ಡೀಸೆಲ್ ಎಂಜಿನ್ ಗಾಲಿ ತಿರುಗಿಸೂದಿಲ್ಲ. ಅದು ಕರೆಂಟ್ ಹುಟ್ಟಿಸುತ್ತದೆ, ಗಾಲಿ ತಿರುಗಿಸೂದು ಮೋಟಾರು. ಪಿಕಪ್‌ನಲ್ಲಿ ನಡುವೆ ದೊಡ್ಡ ಬ್ಯಾಟರಿ ಸೇರಿದೆ ಅಷ್ಟೆ. ಆದರೆ ರೈಲು ಎಂಜಿನ್ ಬಾಳೂದು ಗಟ್ಟಿ ಇದೆ ಅಂತ ಮಾತ್ರ ಅಲ್ಲ. ಬಿಡಿಭಾಗ, ಕಲಿತ ಕೈ, ತಾರೀಖಿನ ಪ್ರಕಾರ ತಪಾಸಣೆ ಎಲ್ಲ ಶೆಡ್ಡಿನಲ್ಲೇ ಇವೆ. ನಮ್ಮ ಪಿಕಪ್ಪಿಗೆ ಅಂಥ ಶೆಡ್ ಎಲ್ಲೈತಿ?

ಜನರೇಟರ್ ಕೆಟ್ಟರೆ ಬ್ಯಾಟರಿ ಇದ್ದಷ್ಟು ದೂರ ಹೋಗಬಹುದು. ಮೋಟಾರಿಗೆ ಕರೆಂಟ್ ಹಂಚುವ ಕಂಟ್ರೋಲರ್ ಕೆಟ್ಟರೆ ಮಾತ್ರ ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೂ ಗಾಡಿ ನಿಂತಲ್ಲೇ. ಎಂಜಿನ್ನಿಗೂ ಗಾಲಿಗೂ ಸಂಬಂಧವೇ ಇಲ್ಲವಲ್ಲ! ಎಂಜಿನ್ ಬಿಚ್ಚುವ ಮೇಸ್ತ್ರಿ ಊರೂರಲ್ಲಿ ಸಿಗ್ತಾನೆ. ಕಂಟ್ರೋಲರ್ ಹಾಗಲ್ಲ, ಅದನ್ನು ಇಡಿಯಾಗಿ ಬದಲಿಸುವುದೇ ಹೆಚ್ಚು. ಅದರ ಬೆಲೆ ಮೊದಲೇ ಕೇಳಿ.

ಬ್ಯಾಟರಿಯ ಲೆಕ್ಕ ಹೀಗೆ. ಒಮ್ಮೆ ತುಂಬಿಸಿದರೆ 100 ಕಿ.ಮೀ. ಓಡುವ ಬ್ಯಾಟರಿ 2,000 ಸಲ ತುಂಬಿ ಖಾಲಿಯಾದರೆ 2 ಲಕ್ಷ ಕಿ.ಮೀ. ಆಯಿತು. ಜನರೇಟರ್ ಇದೆಯಲ್ಲ ಅಂತ 50 ಕಿ.ಮೀ.ನ ಸಣ್ಣ ಬ್ಯಾಟರಿ ಇಟ್ಟರೆ ಅಷ್ಟೇ ಸಲಕ್ಕೆ 1 ಲಕ್ಷ. ಸಣ್ಣ ಬ್ಯಾಟರಿ ಅಗ್ಗ, ಆದರೆ ಬೇಗ ದಣಿಯುತ್ತದೆ. ಬ್ಯಾಟರಿಗೆ ಬಿಸಿಯೂ ಆಗದು. ಎರೆಮಣ್ಣು ಮೆತ್ತಿ ತಂಪು ಮಾಡುವ ರೇಡಿಯೇಟರ್ ಕಟ್ಟಿಕೊಂಡರೆ ಆಯುಷ್ಯ ಕಡಿಮೆ.

ಇನ್ನು ಕೂತು ಕೆಡುವ ಎಂಜಿನ್. ಹಂಗಾಮು ಮುಗಿದ ಮೇಲೆ ಮೂಲೆಗಿಟ್ಟ ಪೆಟ್ರೋಲ್ ಪಂಪು ಮರುವರ್ಷ ಸುರು ಆಗೂದಿಲ್ಲ, ಗೊತ್ತಲ್ಲ? ಪೆಟ್ರೋಲ್ ಅಂಟಾಗಿ ಸಣ್ಣ ತೂತು ಕಟ್ಟಿರುತ್ತದೆ. 2010ರಲ್ಲಿ ಬಂದ ಷೆವರ್ಲೆ ವೋಲ್ಟ್ ಕಾರಿನಲ್ಲಿ ಇದೇ ಕಾರಣಕ್ಕೆ, ಆರು ವಾರ ಎಂಜಿನ್ ಓಡದಿದ್ದರೆ ತಾನೇ ಸ್ವಲ್ಪ ಹೊತ್ತು ಓಡುವ ಏರ್ಪಾಡು ಇಟ್ಟರು. ಬ್ಯಾಡಗಿಗೆ ವರ್ಷಕ್ಕೆ ನಾಲ್ಕು ಸಲ ಹೋಗುವವರಿಗೆ ಇದು ಬೇಕೇ ಬೇಕು.

ಕಿತ್ತಳೆ ಬಣ್ಣದ ಕೇಬಲ್ಲಿಗೆ ಮಾತ್ರ ಯಾರೂ ಕೈಹಾಕಬೇಡಿ, ಒಳಗೆ ಜೀವ ತೆಗೆಯುವಷ್ಟು ಕರೆಂಟ್ ಇರುತ್ತದೆ. ಇಲಿ ಕಡಿದಿದ್ದರೂ ಟೇಪ್ ಸುತ್ತುವ ಕೆಲಸ ಬೇಡ.

ಅಂಗಡಿಯವನನ್ನು ಕೇಳಬೇಕಾದದ್ದು: ಬ್ಯಾಟರಿಯಲ್ಲಿ ಕೆಟ್ಟ ಭಾಗವಷ್ಟೇ ಬದಲಿಸಬಹುದೋ, ಪೂರಾ ಪೆಟ್ಟಿಗೆಯೋ? ವಾರಂಟಿ ಸಾಲದ ಕಂತು ಮುಗಿಯುವತನಕ ಇದೆಯೋ? ಬಿಚ್ಚುವವರು ಹುಬ್ಬಳ್ಳಿಯಲ್ಲೇ ಇದ್ದಾರೋ, ಬೆಂಗಳೂರಿಗೆ ಹೇರಿ ಕಳಿಸಬೇಕೋ? ಉತ್ತರ ಬಾಯಿಮಾತಲ್ಲಿ ಬೇಡ್ರಿ, ಬರೆಸಿಕೊಳ್ಳಿ.