ವಿಯೆಟ್ನಾಮೀಯರ ಸ್ವಾತಂತ್ರ್ಯಯುದ್ಧಗಳೂ ಪರಲಿಪಿಯೂ

ಜೇತೃಗಳ ಲಿಪಿಯನ್ನೂ ಶಾಸ್ತ್ರವನ್ನೂ ಸ್ವೀಕರಿಸಿದ ಜನಾಂಗವು ಕ್ರಮೇಣ ಅವರಲ್ಲಿಯೇ ಲೀನವಾಗುವುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಿಯೆಟ್ನಾಂ ದೇಶದ ಇತಿಹಾಸವು ಈ ಭಾವನೆಗೆ ಪ್ರಬಲವಾದ ಅಪವಾದವಾಗಿದೆ. ಆ ಜನರು ಪರಚಕ್ರದೊಡನೆ ಮಾಡಿದ ಯುದ್ಧಗಳಲ್ಲಿ ಖಡ್ಗದೊಂದಿಗೆ ಅಕ್ಷರವು ನಡಸಿದ ಕಾರ್ಯವೂ ವಿಚಾರಾರ್ಹವಾದುದು.

ಕ್ರಿ. ಪೂ. 111ರಲ್ಲಿ ಚೀನದ ಹಾನ್ ಸಾಮ್ರಾಜ್ಯವು ಈ ಸೀಮೆಯನ್ನು ವಶಪಡಿಸಿಕೊಂಡಿತು. ಕ್ರಿ. ಶ. 40ರಲ್ಲಿ ದಂಗೆಯೆದ್ದ ಟ್ರೂಂಗ್ ಸೋದರಿಯರು ಮೂರು ವರ್ಷಗಳಲ್ಲಿ ಪರಾಜಿತರಾದರು. 938ರಲ್ಲಿ ನ್ಗೋ ಕ್ವಿಯೆನ್ ಎಂಬ ದಳಪತಿಯು ಬಾಕ್ ಡಾಂಗ್ ನದಿಯಲ್ಲಿ ಕಬ್ಬಿಣದ ಮೊನೆಯುಳ್ಳ ಗೂಟಗಳನ್ನು ನೆಡಿಸಿ, ಭರತಕಾಲದಲ್ಲಿ ಶತ್ರುನೌಕೆಗಳನ್ನು ಒಳಕ್ಕೆ ಸೆಳೆದು, ನೀರಿಳಿದಾಗ ಅವು ಗೂಟಗಳಿಗೆ ಸಿಕ್ಕುವಂತೆ ಮಾಡಿ ನಾಶಗೊಳಿಸಿದನು. ಸುಮಾರು ಸಾವಿರ ವರ್ಷಗಳ ಪರಾಧೀನತೆಯು ಅಂದಿಗೆ ಮುಗಿಯಿತು. 1288ರಲ್ಲಿ ಟ್ರಾನ್ ಹುಂಗ್ ಡಾವ್ ಇದೇ ನದಿಯಲ್ಲಿ ಇದೇ ಉಪಾಯದಿಂದ ಮಂಗೋಲರ ನೌಕಾಬಲವನ್ನು ಮುರಿದನು.

ರಾಜ್ಯವು ಸ್ವತಂತ್ರವಾದರೂ ವಿದ್ಯೆಯು ಚೀನದ್ದಾಗಿಯೇ ಉಳಿಯಿತು. ಚೀನೀ ಪದ್ಧತಿಯ ವಿದ್ವತ್ಪರೀಕ್ಷೆಗಳು ಆರಂಭವಾದುದೂ ಸ್ವತಂತ್ರರಾಜರ ಆಳ್ವಿಕೆಯಲ್ಲಿ, 1075ರಲ್ಲಿ. 1077ರಲ್ಲಿ ಸೋಂಗ್ ಸೈನ್ಯವನ್ನು ತಡೆದ ಲೀ ಥೂಂಗ್ ಕಿಯೆಟ್ ರಚಿಸಿದನೆಂದು ಪರಂಪರೆಯು ಹೇಳುವ ನಾಲ್ಕು ಸಾಲಿನ ಪದ್ಯವು ಚೀನೀಭಾಷೆಯದೇ. ಆದರೆ ಅದು ತನ್ನ ದೊರೆಗೆ ಸಾಮಂತರಾಜಯೋಗ್ಯವಾದ ಪದವನ್ನು ಬಿಟ್ಟು, ಚೀನದ ಚಕ್ರವರ್ತಿಗೇ ಮೀಸಲಾದ ಬಿರುದನ್ನು ಪ್ರಯೋಗಿಸುತ್ತದೆ. ಒಂದು ಪದದಲ್ಲಿ ಇಡೀ ವಾದವು ಅಡಗಿದೆ.

ಇದೇ ವಾದದ ಪೂರ್ಣರೂಪವು ನ್ಗುಯೆನ್ ಟ್ರಾಯ್ (1380–1442) ಎಂಬ ಪಂಡಿತನಲ್ಲಿ ಕಂಡುಬರುತ್ತದೆ. 1407ರಲ್ಲಿ ದೇಶವನ್ನಾಕ್ರಮಿಸಿದ ಮಿಂಗ್ ಚಕ್ರವರ್ತಿಯು ಅಲ್ಲಿಯ ಗ್ರಂಥಗಳನ್ನೂ ಶಿಲಾಶಾಸನಗಳನ್ನೂ ನಾಶಮಾಡುವಂತೆ ಆಜ್ಞಾಪಿಸಿದ್ದನು. ಲೇ ಲೋಯಿಯು 1418ರಲ್ಲಿ ಆರಂಭಿಸಿದ ಸಮರವು 1427ರಲ್ಲಿ ಜಯವನ್ನು ಕಂಡಿತು. ಮರುವರ್ಷ ಅವನ ಹೆಸರಿನಲ್ಲಿ ನ್ಗುಯೆನ್ ಟ್ರಾಯ್ ಬರೆದ ವಿಜಯಘೋಷಣೆಯು, ಸಮತೂಕದ ಜೋಡಿವಾಕ್ಯಗಳುಳ್ಳ ಚೀನೀ ಗದ್ಯಬಂಧದಲ್ಲಿದೆ. ಒಂದು ಪಾದದಲ್ಲಿ ಸ್ವದೇಶದ ನಾಲ್ಕು ರಾಜವಂಶಗಳು, ಎದುರುಪಾದದಲ್ಲಿ ಹಾನ್, ಟಾಂಗ್, ಸೋಂಗ್, ಯುವಾನ್ ಎಂಬ ಚೀನದ ನಾಲ್ಕು ವಂಶಗಳು ನಿಂತಿವೆ. ಜೋಡಿಯ ಎರಡು ಪಾದಗಳೂ ತೂಕದಲ್ಲಿ ಸಮವಾಗಿರಬೇಕೆಂಬುದು ಆ ಬಂಧದ ನಿಯಮ. ಆದುದರಿಂದ ಉಭಯದೇಶಗಳ ಸಮಾನತೆಯನ್ನು ಚೀನದ ಲಕ್ಷಣಶಾಸ್ತ್ರವೇ ಸಾಧಿಸಿಕೊಟ್ಟಂತಾಯಿತು. ಇದೇ ಕವಿಯು ಸ್ವಭಾಷೆಗಾಗಿ ಕಲ್ಪಿತವಾದ ನೋಮ್ ಲಿಪಿಯಲ್ಲಿ ರಚಿಸಿದ 254 ಪದ್ಯಗಳು ಉಳಿದುಬಂದಿವೆ.

ಫ್ರೆಂಚರ ಕಾಲದಲ್ಲಿ ಈ ಕ್ರಮವು ಮತ್ತೊಂದು ಲಿಪಿಯಲ್ಲಿ ಪುನರಾವರ್ತಿಸಿತು. 1858ರಲ್ಲಿ ಅವರ ದಂಡಯಾತ್ರೆಯು ಆರಂಭವಾಯಿತು. ಕ್ರೈಸ್ತ ಪಾದ್ರಿಗಳು ರೂಪಿಸಿದ, 1651ರ ನಿಘಂಟಿನಲ್ಲಿ ಮುದ್ರಿತವಾದ ರೋಮನ್ ಬರವಣಿಗೆಯನ್ನು ಅವರು ಚೀನೀ ವಿದ್ಯೆಯ ಪ್ರಭಾವವನ್ನು ಕುಗ್ಗಿಸುವುದಕ್ಕಾಗಿ ಪೋಷಿಸಿದರು. ಆದರೆ 1907ರಲ್ಲಿ ಹನೋಯಿಯ ದೇಶಭಕ್ತ ಪಂಡಿತರು ಶುಲ್ಕವಿಲ್ಲದ ಪಾಠಶಾಲೆಯೊಂದನ್ನು ತೆರೆದು ಅದೇ ಲಿಪಿಯಲ್ಲಿ ರಾಷ್ಟ್ರಭಾವವನ್ನು ಬೋಧಿಸಿದರು. ಸರಕಾರವು ಆ ವರ್ಷದೊಳಗೇ ಅದನ್ನು ಮುಚ್ಚಿಸಿತು. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಓದಿದ ಸ್ವಾತಂತ್ರ್ಯಘೋಷಣೆಯು ಅಮೆರಿಕದ 1776ರ ಘೋಷಣೆಯನ್ನೂ ಫ್ರಾನ್ಸಿನ 1791ರ ಹಕ್ಕುಗಳ ಘೋಷಣೆಯನ್ನೂ ಆಧಾರವಾಗಿ ಹಿಡಿಯಿತು. ಪರಪಕ್ಷದ ಪ್ರಮಾಣದಿಂದಲೇ ಸ್ವಪಕ್ಷಸ್ಥಾಪನೆಯನ್ನು ಮಾಡುವ ಹಳೆಯ ರೀತಿಯೇ ಇದು. ವಾದವನ್ನು ಒಪ್ಪಿಸುವುದಕ್ಕೆ ಮಾತ್ರ 1954ರ ಡಿಯೆನ್ ಬಿಯೆನ್ ಫೂ ಕಾಳಗವೂ, ಅಮೆರಿಕದೊಡನೆ ನಡೆದು 1975ರಲ್ಲಿ ಕೊನೆಗಂಡ ಘೋರಯುದ್ಧವೂ ಬೇಕಾದುವು.

ಈ ಲಾಭಕ್ಕೆ ತೆತ್ತ ಬೆಲೆಯೂ ಉಂಟು. 1919ರಲ್ಲಿ ಹಳೆಯ ಪರೀಕ್ಷೆಗಳು ನಿಂತುಹೋದುವು. ರೋಮನ್ ಲಿಪಿಯು ಸಾಕ್ಷರತೆಯನ್ನು ಮನೆಮನೆಗೂ ಮುಟ್ಟಿಸಿತು. ಆದರೆ ನ್ಗುಯೆನ್ ಟ್ರಾಯ್‌ನ ಘೋಷಣೆಯನ್ನು ಅವನ ಅಕ್ಷರಗಳಲ್ಲಿಯೇ ಓದಬಲ್ಲವರು ಇಂದು ಆ ನಾಡಿನಲ್ಲಿ ಕೆಲವರು ವಿದ್ವಾಂಸರು ಮಾತ್ರ. ಉಳಿದವರು ತಮ್ಮ ಪೂರ್ವಿಕರ ಅತ್ಯಂತ ಸ್ವತಂತ್ರವಾದ ವಾಣಿಯನ್ನು ಅನುವಾದದಿಂದ ತಿಳಿಯತಕ್ಕವರಾಗಿದ್ದಾರೆ.