ಮಕ್ಕಳ ಬಾಯಲ್ಲಿ ಮಳೆಯ ಸುದ್ದಿ

ನಾಳೆ ಮಳೆ ಬರುತ್ತದೆಯೇ? ಈ ಮಾತು ನಮಗೆ ದಿನವೂ ಬೇಕು. ರಾಗಿ ಒಣಗಲು ಹಾಕಬೇಕು. ಸಂಡಿಗೆ ಇಡಬೇಕು. ಬೀಜ ಬಿತ್ತಬೇಕು. ಕುರಿ ಹೊಡೆದುಕೊಂಡು ಹೋಗಬೇಕು. ಎಲ್ಲಕ್ಕೂ ಮೊದಲು ನಾವು ಆಕಾಶ ನೋಡುತ್ತೇವೆ.

ಈಗ ಎಷ್ಟೋ ಶಾಲೆಗಳಲ್ಲಿ ಚಿಕ್ಕ ಮಕ್ಕಳೂ ಆಕಾಶ ನೋಡಿ ಬರೆಯುತ್ತಾರೆ. ಟಿ.ವಿ.ಯಲ್ಲಿ ಓದುವ ಹಾಗೆ ಹವಾಮಾನದ ಸುದ್ದಿ ಓದುತ್ತಾರೆ. ಟೀಚರು ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. ಇದು ಪಾಠವೋ, ಆಟವೋ? ಎರಡೂ ಹೌದು. ನಮ್ಮೂರ ಶಾಲೆಯಲ್ಲೂ ಇದನ್ನು ಮಾಡಬಹುದು. ಹೇಗೆ ಅಂತ ನೋಡೋಣ.

ಮಳೆ ಅಳೆಯುವ ಬಾಟಲಿ

ಸುದ್ದಿ ಓದುವ ಮೊದಲು ಸುದ್ದಿ ಕೂಡಿಸಬೇಕು. ಮೋಡ ಇದೆಯೇ? ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ಮಕ್ಕಳು ಇದನ್ನು ದಿನವೂ ಬರೆದಿಡುತ್ತಾರೆ. ಮಳೆಯನ್ನೂ ಅಳೆಯುತ್ತಾರೆ.

ಅದಕ್ಕೆ ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿ ಸಾಕು. ಅದರ ಮೇಲಿನ ಭಾಗ ಕತ್ತರಿಸಬೇಕು. ಅದನ್ನೇ ತಲೆಕೆಳಗಾಗಿ ಬಾಟಲಿಯ ಮೇಲೆ ಆಲಿಕೆಯಂತೆ ಕೂರಿಸಬೇಕು. ಬಾಟಲಿಯ ತಳ ಸಮ ಇರುವುದಿಲ್ಲ. ಆದ್ದರಿಂದ ತಳಕ್ಕೆ ಸಣ್ಣ ಕಲ್ಲು ಹಾಕಿ, ಸ್ವಲ್ಪ ನೀರು ತುಂಬಬೇಕು. ನೀರು ನಿಂತ ಜಾಗದಲ್ಲಿ ಒಂದು ಗೆರೆ ಎಳೆಯಬೇಕು. ಅದೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲಿನ ಅಳತೆ ಗುರುತು ಮಾಡಬೇಕು. ಬಾಟಲಿಯ ಬಾಯಿ, ಹೊಟ್ಟೆ ಎರಡೂ ಒಂದೇ ಅಗಲ ಇರಬೇಕು.

ಈ ಬಾಟಲಿಯನ್ನು ಬಯಲಲ್ಲಿ ಇಡಬೇಕು. ಮರದ ಕೆಳಗೆ, ಸೂರಿನ ಕೆಳಗೆ ಇಡಬಾರದು. ದಿನವೂ ಒಂದೇ ಹೊತ್ತಿಗೆ ನೋಡಬೇಕು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಮಳೆ ಅಳೆಯುತ್ತಾರೆ. ಬರೆದುಕೊಂಡ ಮೇಲೆ ನೀರನ್ನು ಮತ್ತೆ ಸೊನ್ನೆಯ ಗೆರೆಗೆ ತರಬೇಕು.

10 ಮಿಲಿಮೀಟರ್ ಮಳೆ ಅಂದ್ರೆ ಎಷ್ಟು ನೀರು? ನಮ್ಮ ಕೊಡದ ಲೆಕ್ಕದಲ್ಲಿ ಹೇಳೋಣ. 10 ಅಡಿ ಉದ್ದ, 10 ಅಡಿ ಅಗಲದ ಚಾವಣಿಯ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 93 ಲೀಟರ್ ನೀರು. 15 ಲೀಟರಿನ ಕೊಡ ಆದರೆ ಆರು ಕೊಡ!

ಆದದ್ದು ಬೇರೆ, ಆಗುವುದು ಬೇರೆ

ನಿನ್ನೆ ಎಷ್ಟು ಮಳೆ ಬಿತ್ತು ಎಂಬುದು ವರದಿ. ಅದನ್ನು ಮಕ್ಕಳೇ ಅಳೆದು ಹೇಳಬಹುದು. ನಾಳೆ ಏನಾಗಬಹುದು ಎಂಬುದು ಮುನ್ಸೂಚನೆ. ಅದನ್ನು ಮಕ್ಕಳು ಊಹೆಯಿಂದ ಹೇಳಬಾರದು. ಹವಾಮಾನ ಇಲಾಖೆ ಹೇಳಿದ್ದನ್ನು ಕೇಳಿ ಹೇಳಬೇಕು.

ಈ ಇಲಾಖೆ 1875ರಲ್ಲಿ ಶುರುವಾಯಿತು. ಊರೂರಲ್ಲಿ ಅಳೆದ ಮಳೆ, ಬಿಸಿಲು, ಗಾಳಿಯ ಲೆಕ್ಕ ಅಲ್ಲಿಗೆ ಸೇರುತ್ತದೆ. ಮೋಡಗಳ ಚಿತ್ರವನ್ನು ಉಪಗ್ರಹ ಕಳಿಸುತ್ತದೆ. ನಮ್ಮ ದೇಶ 2024ರಲ್ಲಿ ಹಾರಿಸಿದ ಇನ್ಸಾಟ್-3ಡಿಎಸ್ ಅಂಥ ಒಂದು ಉಪಗ್ರಹ. ಅದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಅದನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಈ ಎಲ್ಲಾ ಲೆಕ್ಕವನ್ನು ದೊಡ್ಡ ಕಂಪ್ಯೂಟರಿಗೆ ಕೊಟ್ಟು ಮುನ್ಸೂಚನೆ ಸಿದ್ಧ ಮಾಡುತ್ತಾರೆ.

ಆದರೂ ಕೆಲವು ಸಲ ಅದು ತಪ್ಪುತ್ತದೆ. ಗಾಳಿಯ ದಾರಿ ಬದಲಾಗುತ್ತಾ ಇರುತ್ತದೆ. ಅದಕ್ಕೇ "ಮಳೆ ಬರುತ್ತದೆ" ಅನ್ನದೆ "ಮಳೆ ಬರಬಹುದು" ಅನ್ನುತ್ತಾರೆ. ಒಂದೆರಡು ದಿನದ ಮಾತು ಹೆಚ್ಚು ನಿಜವಾಗುತ್ತದೆ. ದೂರದ ದಿನದ ಮಾತು ಅಷ್ಟು ಗಟ್ಟಿಯಲ್ಲ.

ಮಳೆ ಅಳೆಯುವಂಥ ಉಪಕರಣಗಳನ್ನು ನಮ್ಮ ದೇಶದಲ್ಲೇ ಮಾಡಿಸಲು ದುಡಿದವರು ಒಬ್ಬ ಹೆಣ್ಣುಮಗಳು. ಅವರ ಹೆಸರು ಅಣ್ಣಾ ಮಣಿ. 1918ರಲ್ಲಿ ಕೇರಳದಲ್ಲಿ ಹುಟ್ಟಿದರು. ಬೆಂಗಳೂರಿನಲ್ಲಿ ವಿಜ್ಞಾನ ಕಲಿತರು. 1948ರಲ್ಲಿ ಹವಾಮಾನ ಇಲಾಖೆ ಸೇರಿ ದೊಡ್ಡ ಅಧಿಕಾರಿಯಾದರು. 2001ರಲ್ಲಿ ತೀರಿಕೊಂಡರು.

ವಿಡಿಯೋ ಮಾಡುವ ದಿನ

ಟಿ.ವಿ.ಯಲ್ಲಿ ಸುದ್ದಿ ಓದುವವರ ಹಿಂದೆ ನಕ್ಷೆ ಕಾಣುತ್ತದಲ್ಲಾ, ಎಷ್ಟೋ ಸಲ ಅಲ್ಲಿ ನಕ್ಷೆಯೇ ಇರುವುದಿಲ್ಲ! ಬರೀ ಹಸಿರು ಪರದೆ ಇರುತ್ತದೆ. ಕಂಪ್ಯೂಟರು ಹಸಿರು ಇರುವ ಕಡೆ ನಕ್ಷೆ ತುಂಬುತ್ತದೆ.

ಶಾಲೆಯಲ್ಲಿ ಅದೆಲ್ಲ ಬೇಕಿಲ್ಲ. ಗೋಡೆಗೆ ಜಿಲ್ಲೆಯ ನಕ್ಷೆ ಹಚ್ಚಿದರೆ ಸಾಕು. ಕಾಗದದಲ್ಲಿ ಮೋಡ, ಸೂರ್ಯ, ಮಿಂಚು ಕತ್ತರಿಸಿ ಅಂಟಿಸಬೇಕು. ಒಂದು ಮಗು ಅಳೆದದ್ದನ್ನು ಬರೆಯುತ್ತದೆ. ಇನ್ನೊಂದು ಮಗು ಓದುತ್ತದೆ. ಮತ್ತೊಂದು ಮೊಬೈಲು ಹಿಡಿಯುತ್ತದೆ. ಎರಡು ನಿಮಿಷದ ಮಾತು ಸಾಕು. ಇದರಿಂದ ಮಕ್ಕಳಿಗೆ ಲೆಕ್ಕ ಬರುತ್ತದೆ, ನಕ್ಷೆ ಓದಲು ಬರುತ್ತದೆ. ನಾಲ್ಕು ಜನರ ಮುಂದೆ ಮಾತಾಡುವ ಧೈರ್ಯವೂ ಬರುತ್ತದೆ.

ಬಣ್ಣಗಳ ಅರ್ಥ

ಇಲಾಖೆ ನಾಲ್ಕು ಬಣ್ಣಗಳಲ್ಲಿ ಎಚ್ಚರ ಹೇಳುತ್ತದೆ. ಮಕ್ಕಳ ಜೊತೆ ನಾವೂ ಕಲಿಯೋಣ.

ಹಸಿರು: ಭಯವಿಲ್ಲ.
ಹಳದಿ: ಗಮನ ಇರಲಿ. ಸುದ್ದಿ ಕೇಳುತ್ತಾ ಇರಿ.
ಕಿತ್ತಳೆ: ಸಿದ್ಧರಾಗಿ.
ಕೆಂಪು: ಅಪಾಯ. ತಡ ಮಾಡಬೇಡಿ, ಸುರಕ್ಷಿತ ಜಾಗದಲ್ಲಿರಿ.

ಒಂದು ದಿನದಲ್ಲಿ 64.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದನ್ನು ಭಾರಿ ಮಳೆ ಅನ್ನುತ್ತಾರೆ.

ನಾವೇನು ಮಾಡಬೇಕು?

ಮುನ್ಸೂಚನೆ ಫೋನಿಗೆ ಬಂದರೆ ಸಾಲದು. ಎಷ್ಟೋ ಮನೆಗಳಲ್ಲಿ ಫೋನು ಗಂಡಸರ ಜೇಬಿನಲ್ಲಿ ಇರುತ್ತದೆ. ಹೊಲದಲ್ಲಿ ಕಳೆ ಕೀಳುವವರು ನಾವು. ಸಿಡಿಲು ಹೊಡೆದರೆ ಬಯಲಲ್ಲಿ ಇರುವವರೂ ನಾವೇ. ಸುದ್ದಿ ನಮಗೆ ಮುಟ್ಟದಿದ್ದರೆ ಅದು ಇದ್ದೂ ಇಲ್ಲದಂತೆ.

ಆದ್ದರಿಂದ ಮಕ್ಕಳು ಓದುವ ಸುದ್ದಿ ನಮ್ಮ ಮಾತಿನಲ್ಲಿರಲಿ. "ಮಧ್ಯಾಹ್ನದ ಮೇಲೆ ಗುಡುಗು ಬರಬಹುದು. ಅವ್ವಾ, ಬೇಗ ಮನೆಗೆ ಬಾ" ಎಂದರೆ ಯಾರಿಗೆ ತಿಳಿಯುವುದಿಲ್ಲ? ಆ ವಿಡಿಯೋವನ್ನು ಸಂಘದ ಸಭೆಯಲ್ಲಿ ಎಲ್ಲರೂ ನೋಡೋಣ. ವಿಡಿಯೋ ಇಲ್ಲದಿದ್ದರೆ ಶಾಲೆಯ ಹಲಗೆಯ ಮೇಲೆ ಬರೆಯಲು ಹೇಳೋಣ. ಈಗ ನಮಗೂ ಓದಲು ಬರುತ್ತದಲ್ಲ!

ಒಂದು ಮಾತು ಮರೆಯಬಾರದು. ಗುಡುಗಿನ ಸದ್ದು ಕೇಳಿಸಿದರೆ ಸಿಡಿಲು ನಮಗೂ ಹತ್ತಿರ ಇದೆ ಎಂದು ಅರ್ಥ. ಆಗ ಮರದ ಕೆಳಗೆ ನಿಲ್ಲಬಾರದು. ಕೆರೆಯಲ್ಲಿ ಇಳಿದಿದ್ದರೆ ಮೇಲೆ ಬರಬೇಕು. ಗಟ್ಟಿ ಮನೆಯೊಳಗೆ ಸೇರಿಕೊಳ್ಳಬೇಕು.

ಮಾಡಿ ನೋಡೋಣ

1. ಮನೆಯ ಮಕ್ಕಳ ಜೊತೆ ಮಳೆ ಅಳೆಯುವ ಬಾಟಲಿ ಮಾಡೋಣ.
2. ಒಂದು ವಾರ ಬಿದ್ದ ಮಳೆಯನ್ನು ದಿನವೂ ಬರೆದಿಡೋಣ.
3. ಇಂದು ನಮ್ಮ ಜಿಲ್ಲೆಗೆ ಯಾವ ಬಣ್ಣ? ಕೇಳಿ ತಿಳಿದು, ಪಕ್ಕದ ಮನೆಯವರಿಗೂ ಹೇಳೋಣ.